ಗಣಿತ ಪದವಿಯ ಆರು ಸೆಮಿಸ್ಟರ್‌ಗಳು: ಯಾವುದನ್ನು ಯಾವಾಗ ಓದಬೇಕು?

ಬಿಎಸ್ಸಿಯಲ್ಲಿ ಗಣಿತವನ್ನು ಆರಿಸಿಕೊಂಡವರಿಗೆ ಓದಿನ ಯೋಜನೆ ಎಂಬ ಮಾತು ಅನಗತ್ಯವೆಂದು ತೋರಬಹುದು. ಯಾವ ಸೆಮಿಸ್ಟರ್‌ನಲ್ಲಿ ಯಾವ ಪತ್ರಿಕೆ ಎಂಬುದನ್ನು ವಿಶ್ವವಿದ್ಯಾಲಯ ನಿರ್ಧರಿಸುತ್ತದೆ, ಯಾವ ಗಂಟೆಗೆ ಯಾವ ತರಗತಿ ಎಂಬುದನ್ನು ಕಾಲೇಜು ನಿರ್ಧರಿಸುತ್ತದೆ. ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಹಾಜರಾತಿ ಮತ್ತು ಪರೀಕ್ಷೆ. ಕೋರ್ಸುಗಳ ದೊಡ್ಡ ಪಟ್ಟಿಯಿಂದ ತನಗೆ ಬೇಕಾದುದನ್ನು ತಾನೇ ಆಯ್ದು ಜೋಡಿಸಿಕೊಳ್ಳುವ ಸ್ವಾತಂತ್ರ್ಯ ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಓದುವ ವಿದ್ಯಾರ್ಥಿಗೆ ಇಲ್ಲ. ಆದರೂ ಯೋಜನೆ ಬೇಕು. ಏಕೆಂದರೆ ಪಠ್ಯಕ್ರಮವು ಪತ್ರಿಕೆಗಳನ್ನು ಜೋಡಿಸಿರುವ ಕ್ರಮ ಒಂದು, ಗಣಿತದ ವಿಷಯಗಳು ಒಂದನ್ನೊಂದು ಆಧರಿಸಿ ನಿಂತಿರುವ ಕ್ರಮ ಇನ್ನೊಂದು. ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮೊದಲೇ ಸ್ವಂತ ಓದನ್ನು ಸೇರಿಸಿಕೊಳ್ಳುವುದನ್ನೇ ಇಲ್ಲಿ ಯೋಜನೆ ಎಂದು ಕರೆಯುತ್ತಿದ್ದೇನೆ.

ಮೊದಲ ನಿರ್ಧಾರ ಪ್ರವೇಶದ ದಿನವೇ ಆಗಿಬಿಡುತ್ತದೆ, ಅದೂ ಬಹುತೇಕ ಅವಸರದಲ್ಲಿ. ಸಿಇಟಿ ಅಥವಾ ನೀಟ್ ಸೀಟು ಸಿಗದೆ ಬಿಎಸ್ಸಿಗೆ ಬಂದವರು ಅರ್ಜಿಯಲ್ಲಿರುವ ಮೊದಲ ಕಾಂಬಿನೇಷನ್‌ಗೆ ಗುರುತು ಹಾಕಿ ಹೊರಟುಬಿಡುತ್ತಾರೆ. ಆದರೆ ಗಣಿತದ ಜೊತೆಗಿರುವ ಉಳಿದ ಎರಡು ವಿಷಯಗಳು ಪದವಿಯ ನಂತರದ ದಾರಿಗಳಲ್ಲಿ ಕೆಲವನ್ನು ತೆರೆದಿಡುತ್ತವೆ, ಕೆಲವನ್ನು ಮುಚ್ಚುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದ ಪಿಸಿಎಂ ಹಳೆಯ ಕಾಂಬಿನೇಷನ್. ಸರ್ಕಾರಿ ಪ್ರೌಢಶಾಲೆಯ ಪಿಸಿಎಂ ಶಿಕ್ಷಕ ಹುದ್ದೆಯನ್ನು ಗುರಿಯಾಗಿಟ್ಟುಕೊಂಡವರಿಗೆ, ಅಂದರೆ ಬಿಎಸ್ಸಿ ಮುಗಿಸಿ ಎರಡು ವರ್ಷದ ಬಿಎಡ್ ಮಾಡುವವರಿಗೆ, ಇದು ನೇರವಾದ ದಾರಿ. ರಸಾಯನಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ಎಂಸಿಎ ಮತ್ತು ಸಾಫ್ಟ್‌ವೇರ್ ಕೆಲಸಗಳ ಕಡೆಗೆ ಹೋಗುವುದು ಸುಲಭವಾಗುತ್ತದೆ, ಆದರೆ ಪಿಸಿಎಂ ಶಿಕ್ಷಕ ಹುದ್ದೆಗೆ ಅರ್ಜಿ ಹಾಕುವಾಗ ಅಡ್ಡಿ ಬರಬಹುದು. ಸಂಖ್ಯಾಶಾಸ್ತ್ರ ಸೇರಿದ ಕಾಂಬಿನೇಷನ್ ದತ್ತಾಂಶ ವಿಶ್ಲೇಷಣೆ, ವಿಮಾ ಗಣಿತ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ನಾತಕೋತ್ತರ ಕೋರ್ಸುಗಳ ಕಡೆಗೆ ನೋಡುವವರಿಗೆ ಬಹಳ ಅನುಕೂಲ. ಆದರೆ ಸಣ್ಣ ಕಾಲೇಜುಗಳಲ್ಲಿ ಅದು ದೊರೆಯುವುದು ಕಷ್ಟ, ಅದಕ್ಕಾಗಿ ಮೈಸೂರಿಗೋ ಮಂಗಳೂರಿಗೋ ಹೋಗಿ ಹಾಸ್ಟೆಲ್ ಸೇರಬೇಕಾಗಬಹುದು. ಶಿಕ್ಷಕ ವೃತ್ತಿಯೇ ಗುರಿ ಎಂಬುದು ಪಿಯುಸಿಯಲ್ಲೇ ಖಚಿತವಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಶಿಕ್ಷಣ ತರಬೇತಿ ಒಂದೇ ಕೋರ್ಸಿನಲ್ಲಿ ಸೇರಿರುವ ನಾಲ್ಕು ವರ್ಷದ ವ್ಯವಸ್ಥೆ ಇದೆ; ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆಯಬೇಕು.

ಶುದ್ಧ ಗಣಿತದಲ್ಲಿ ಮುಂದುವರಿಯುವ ಆಸೆಯಿದ್ದವರಿಗೆ ಯಾವ ಕಾಂಬಿನೇಷನ್ ಒಳ್ಳೆಯದು ಎಂಬ ಪ್ರಶ್ನೆಯನ್ನು ಪೋಷಕರು ಆಗಾಗ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಭೌತಶಾಸ್ತ್ರ ಜೊತೆಗಿದ್ದರೆ ಒಳ್ಳೆಯದು; ವೆಕ್ಟರ್, ಡಿಫರೆನ್ಷಿಯಲ್ ಈಕ್ವೇಶನ್, ಫೂರಿಯರ್ ಸರಣಿ ಇವೆಲ್ಲ ಯಾಕೆ ಹುಟ್ಟಿದವು ಎಂಬುದು ಭೌತಶಾಸ್ತ್ರದ ತರಗತಿಯಲ್ಲಿ ಕಾಣಿಸುತ್ತದೆ. ಮೂರನೆಯ ವಿಷಯವಾಗಿ ಪ್ರೋಗ್ರಾಮಿಂಗ್ ಕಲಿಸುವ ಏನಾದರೂ ಇದ್ದರೆ ಇನ್ನೂ ಒಳ್ಳೆಯದು. ಆದರೆ ಇದು ಪ್ರಾಣ ಹೋಗುವ ವಿಷಯವಲ್ಲ.

ಎರಡನೆಯ ಕೆಲಸ, ತನ್ನ ಬ್ಯಾಚಿನ ಪಠ್ಯಕ್ರಮದ ಪೂರ್ತಿ ಪ್ರತಿಯನ್ನು, ಆರೂ ಸೆಮಿಸ್ಟರ್‌ಗಳದ್ದು, ಮೊದಲ ತಿಂಗಳಲ್ಲೇ ಪಡೆದು ಮುದ್ರಿಸಿ ಇಟ್ಟುಕೊಳ್ಳುವುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಅವಕಾಶವುಳ್ಳ ಪದವಿ ಬಂದಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ, ಮೂರು ವಿಷಯಗಳ ಪದವಿಗೆ ಮರಳಿತು. ಇದೇ ಅವಧಿಯಲ್ಲಿ, ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಕೊಡಗು ಜಿಲ್ಲೆಯ ಪದವಿ ಕಾಲೇಜುಗಳು ಕುಶಾಲನಗರದ ಸಮೀಪ ಚಿಕ್ಕಅಳುವಾರದಲ್ಲಿ ಕೇಂದ್ರವಿರುವ ಹೊಸ ಕೊಡಗು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು, ಮತ್ತು ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳೊಂದಿಗೆ ವಿಲೀನಗೊಳಿಸುವ ಚರ್ಚೆಯೂ 2025ರಲ್ಲಿ ನಡೆಯಿತು. ಇದರ ಫಲವಾಗಿ ಅಣ್ಣನ ನೋಟ್ಸು ತಮ್ಮನಿಗೆ ಸರಿಹೊಂದುವ ಕಾಲ ಹೋಗಿದೆ. ಒಂದೇ ಕಾಲೇಜಿನಲ್ಲಿ ಎರಡು ವರ್ಷ ಹಿಂದೆ ಓದಿದವರ ಪತ್ರಿಕೆಯ ಹೆಸರು ಅದೇ ಇದ್ದು ಒಳಗಿನ ಘಟಕಗಳು ಬೇರೆಯಾಗಿರಬಹುದು. ಹಿರಿಯರ ಮಾತನ್ನು ಕೇಳಬೇಕು, ಆದರೆ ಪಠ್ಯಕ್ರಮದ ಪ್ರತಿಯನ್ನು ಕೈಯಲ್ಲಿ ಹಿಡಿದು ಕೇಳಬೇಕು.

ಆ ಪ್ರತಿಯನ್ನು ಓದುವ ಒಂದು ವಿಧಾನವಿದೆ. ಪ್ರತಿ ಪತ್ರಿಕೆಯ ಎದುರು, ಇದು ಅರ್ಥವಾಗಲು ಇದಕ್ಕಿಂತ ಮೊದಲು ಏನು ಗೊತ್ತಿರಬೇಕು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದು, ಅದನ್ನು ಕಲಿಸುವ ಪತ್ರಿಕೆಯಿಂದ ಇದಕ್ಕೆ ಒಂದು ಬಾಣ ಎಳೆಯುತ್ತಾ ಹೋಗುವುದು. ಮೊದಲ ವರ್ಷದವರಿಗೆ ಇದು ತಾನಾಗಿ ಸಾಧ್ಯವಿಲ್ಲ, ವಿಭಾಗದ ಅಧ್ಯಾಪಕರೊಬ್ಬರ ಬಳಿ ಕುಳಿತು ಮಾಡಬೇಕು. ಕೇಳಿದರೆ ಇಲ್ಲವೆನ್ನುವ ಗಣಿತ ಅಧ್ಯಾಪಕರು ಕಡಿಮೆ. ಹೀಗೆ ಬರೆದ ಮೇಲೆ ಒಂದು ವಿಷಯ ಎದ್ದು ಕಾಣುತ್ತದೆ: ಹೆಚ್ಚು ಕಡಿಮೆ ಎಲ್ಲ ಬಾಣಗಳೂ ಎರಡು ಪತ್ರಿಕೆಗಳಿಂದ ಹೊರಡುತ್ತವೆ. ಒಂದು ರಿಯಲ್ ಅನಾಲಿಸಿಸ್, ಇನ್ನೊಂದು ಲೀನಿಯರ್ ಆಲ್ಜೀಬ್ರಾ. ಇವೆರಡರಲ್ಲಿ ಗಟ್ಟಿಯಾದವನಿಗೆ ಉಳಿದ ಪತ್ರಿಕೆಗಳು ದುಡಿಮೆಯ ಪ್ರಶ್ನೆ ಮಾತ್ರ. ಇವೆರಡನ್ನು ಬಾಯಿಪಾಠದಲ್ಲಿ ದಾಟಿದವನಿಗೆ ಉಳಿದದ್ದೆಲ್ಲವೂ ಬಾಯಿಪಾಠವೇ ಆಗುತ್ತದೆ.

ರಿಯಲ್ ಅನಾಲಿಸಿಸ್‌ನಿಂದಲೇ ಆರಂಭಿಸೋಣ. ಪಿಯುಸಿಯಲ್ಲಿ ಮಿತಿ, ಅವಕಲನ, ಅನುಕಲನಗಳನ್ನು ಕಲಿತವರು ಪದವಿಯ ಮೊದಲ ಎರಡು ಸೆಮಿಸ್ಟರ್‌ಗಳ ಕ್ಯಾಲ್ಕುಲಸ್ಸನ್ನು ಅದರ ಮುಂದುವರಿಕೆ ಎಂದು ಭಾವಿಸುತ್ತಾರೆ, ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ರಿಯಲ್ ಅನಾಲಿಸಿಸ್ ಬಂದಾಗ ಆಟದ ನಿಯಮವೇ ಬದಲಾಗುತ್ತದೆ. ಇಲ್ಲಿ ಉತ್ತರ ಕಂಡುಹಿಡಿಯುವುದು ಮುಖ್ಯವಲ್ಲ, ಉತ್ತರ ಏಕೆ ಸರಿ ಎಂದು ಸಾಧಿಸುವುದು ಮುಖ್ಯ. ನ್ಯೂಟನ್ ಮತ್ತು ಲೈಬ್ನಿಟ್ಸ್ 17ನೆಯ ಶತಮಾನದಲ್ಲಿ ಕ್ಯಾಲ್ಕುಲಸ್ ರೂಪಿಸಿದ ಮೇಲೆ, ಮಿತಿ ಎಂಬುದಕ್ಕೆ ಬಿಗಿಯಾದ ಅಡಿಪಾಯ ಹಾಕುವ ಕೆಲಸ 1820ರ ದಶಕದಲ್ಲಿ ಕೋಶಿಯವರಿಂದ ಆರಂಭವಾಗಿ, ಅದೇ ಶತಮಾನದ ಉತ್ತರಾರ್ಧದಲ್ಲಿ ವೈಯರ್‌ಸ್ಟ್ರಾಸ್ ಅವರಿಂದ ಇಂದಿನ ಎಪ್ಸಿಲಾನ್-ಡೆಲ್ಟಾ ರೂಪಕ್ಕೆ ಬಂದಿತು. ಗಣಿತಜ್ಞರಿಗೆ ಒಂದೂವರೆ ಶತಮಾನಕ್ಕಿಂತ ಹೆಚ್ಚು ಹಿಡಿದ ಈ ಹೆಜ್ಜೆಯನ್ನು ವಿದ್ಯಾರ್ಥಿ ಒಂದು ರಜೆಯ ಅಂತರದಲ್ಲಿ ಇಡಬೇಕಾಗುತ್ತದೆ. ಅದು ಕಷ್ಟವೆನಿಸಿದರೆ ನಾಚಿಕೆಪಡುವಂಥದ್ದೇನೂ ಇಲ್ಲ.

ಕಷ್ಟ ನಿಖರವಾಗಿ ಎಲ್ಲಿದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಒಂದು ಸಂಖ್ಯೆಯನ್ನು ಕೊಟ್ಟರೆ ಅದರ ವರ್ಗವನ್ನು ಹಿಂತಿರುಗಿಸುವ ಫಂಕ್ಷನ್ನನ್ನು ತೆಗೆದುಕೊಳ್ಳೋಣ. ಅದು ಎಲ್ಲ ಬಿಂದುಗಳಲ್ಲೂ ಅವಿಚ್ಛಿನ್ನ, ಅಂದರೆ ಕಂಟಿನ್ಯುಯಸ್, ಎಂಬುದರಲ್ಲಿ ಅನುಮಾನವಿಲ್ಲ. ಈಗ 10 ಮತ್ತು 10.1 ಎಂಬ ಎರಡು ಸಂಖ್ಯೆಗಳನ್ನು ನೋಡಿ, ಅಂತರ 0.1, ವರ್ಗಗಳು 100 ಮತ್ತು 102.01. ಮುಂದೆ 100 ಮತ್ತು 100.01, ಅಂತರ 0.01ಕ್ಕೆ ಇಳಿದಿದೆ, ಆದರೆ ವರ್ಗಗಳು 10000 ಮತ್ತು 10002.0001. ಇನ್ನೂ ಮುಂದೆ 1000 ಮತ್ತು 1000.001; ಅಂತರ ಇನ್ನೂ ಹತ್ತರಲ್ಲಿ ಒಂದು ಪಾಲಾಗಿದ್ದರೂ ವರ್ಗಗಳ ನಡುವಿನ ವ್ಯತ್ಯಾಸ 2ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಅಂದರೆ, ಒಂದು ನಿರ್ದಿಷ್ಟ ಬಿಂದುವಿನಲ್ಲಿ ನಿಂತರೆ ವರ್ಗಗಳ ವ್ಯತ್ಯಾಸವನ್ನು ಬೇಕಾದಷ್ಟು ಕಡಿಮೆ ಇಡುವ ಸಣ್ಣ ಅಂತರ, ಅಂದರೆ ಡೆಲ್ಟಾ, ಸಿಗುತ್ತದೆ, ಆದರೆ ಎಲ್ಲ ಬಿಂದುಗಳಿಗೂ ಒಟ್ಟಿಗೆ ಸಲ್ಲುವ ಒಂದೇ ಡೆಲ್ಟಾ ಇಲ್ಲ. ಮೊದಲನೆಯದು ಅವಿಚ್ಛಿನ್ನತೆ, ಎರಡನೆಯದರಲ್ಲಿ ಇಲ್ಲವಾದದ್ದು ಏಕರೂಪ ಅವಿಚ್ಛಿನ್ನತೆ. ಎರಡರ ವ್ಯಾಖ್ಯೆಗಳಲ್ಲೂ ಇರುವ ಪದಗಳು ಹೆಚ್ಚು ಕಡಿಮೆ ಒಂದೇ. 'ಪ್ರತಿಯೊಂದು ಬಿಂದುವಿಗೂ' ಎಂಬುದು 'ಒಂದು ಡೆಲ್ಟಾ ಇದೆ' ಎಂಬುದಕ್ಕಿಂತ ಮೊದಲು ಬರುತ್ತದೆಯೋ ನಂತರ ಬರುತ್ತದೆಯೋ ಎಂಬುದಷ್ಟೇ ವ್ಯತ್ಯಾಸ.

ಆದ್ದರಿಂದ ರಿಯಲ್ ಅನಾಲಿಸಿಸ್‌ಗೆ ನಿಜವಾದ ಪೂರ್ವಸಿದ್ಧತೆ ಹೆಚ್ಚು ಕ್ಯಾಲ್ಕುಲಸ್ ಅಲ್ಲ, ತರ್ಕ. 'ಪ್ರತಿಯೊಂದಕ್ಕೂ', 'ಒಂದಾದರೂ ಇದೆ' ಎಂಬ ಮಾತುಗಳಿರುವ ವಾಕ್ಯವನ್ನು ತಪ್ಪಿಲ್ಲದೆ ನಿಷೇಧಿಸುವುದು, ನೇರ ಸಾಧನೆ, ವಿರೋಧಾಭಾಸದ ಮೂಲಕ ಸಾಧನೆ, ಗಣಿತೀಯ ಅನುಗಮನ, ಗಣಗಳು, ಒಂದಕ್ಕೊಂದು (ಒನ್-ಟು-ಒನ್) ಮತ್ತು ಮೇಲಣ (ಆನ್‌ಟು) ಫಂಕ್ಷನ್‌ಗಳು ಇಷ್ಟು ಕೈಗೆ ಒಗ್ಗಿದ್ದರೆ ಸಾಕು. ಇದಕ್ಕೆಂದು ಪ್ರತ್ಯೇಕ ಪತ್ರಿಕೆ ನಮ್ಮ ಪಠ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ಆಲ್ಜೀಬ್ರಾ ಪತ್ರಿಕೆಯ ಒಂದು ಘಟಕದಲ್ಲಿ ಕೆಲವೇ ತರಗತಿಗಳಲ್ಲಿ ಮುಗಿದುಹೋಗುತ್ತದೆ. ಸ್ವಂತ ಓದಿನ ಮೊದಲ ಜಾಗ ಇದು, ಸಮಯ ಮೊದಲ ವರ್ಷದ ಕೊನೆಯ ರಜೆಯೊಳಗೆ. ಹೆಚ್ಚು ಪುಸ್ತಕ ಬೇಕಿಲ್ಲ. ಎರಡರ ವರ್ಗಮೂಲ ಭಿನ್ನರಾಶಿಯಲ್ಲ, ಅವಿಭಾಜ್ಯ ಸಂಖ್ಯೆಗಳು ಅನಂತ, ಎರಡು ಒಂದಕ್ಕೊಂದು ಫಂಕ್ಷನ್‌ಗಳ ಸಂಯೋಜನೆಯೂ ಒಂದಕ್ಕೊಂದು ಎಂಬಂಥ ಸಣ್ಣ ಪ್ರಮೇಯಗಳನ್ನು ಪುಸ್ತಕ ಮುಚ್ಚಿಟ್ಟು ಪೂರ್ತಿ ವಾಕ್ಯಗಳಲ್ಲಿ ಬರೆದು ಗೆಳೆಯರೊಬ್ಬರಿಗೆ ಓದಲು ಕೊಡುವುದೇ ಅಭ್ಯಾಸ. ಓದಿದವರಿಗೆ ಎಲ್ಲಿ ಅನುಮಾನ ಬಂತೋ ಅಲ್ಲಿ ಸಾಧನೆಯಲ್ಲಿ ಬಿರುಕಿದೆ.

ಇನ್ನು ಲೀನಿಯರ್ ಆಲ್ಜೀಬ್ರಾ. ಇಲ್ಲಿ ನನಗೆ ನಮ್ಮ ಪಠ್ಯಕ್ರಮಗಳ ಬಗ್ಗೆ ಸ್ಪಷ್ಟವಾದ ತಕರಾರು ಇದೆ. ಮಾತೃಕೆಗಳನ್ನು ಮೊದಲ ಸೆಮಿಸ್ಟರ್‌ನಲ್ಲಿ ಲೆಕ್ಕದ ಮಟ್ಟದಲ್ಲಿ ಮುಗಿಸಿ, ವೆಕ್ಟರ್ ಸ್ಪೇಸ್, ಆಯಾಮ, ಲೀನಿಯರ್ ಟ್ರಾನ್ಸ್‌ಫಾರ್ಮೇಶನ್‌ಗಳನ್ನು ಕೊನೆಯ ವರ್ಷದವರೆಗೆ ಮುಂದೂಡುವುದು ರಾಜ್ಯದ ಹಲವು ಪಠ್ಯಕ್ರಮಗಳಲ್ಲಿ ರೂಢಿ. ನಡುವೆ ಬರುವ ಪತ್ರಿಕೆಗಳಿಗೆ ಇದರಿಂದ ಏನಾಗುತ್ತದೆ ಎಂಬುದನ್ನು ಎರಡನೆಯ ವರ್ಷದ ಡಿಫರೆನ್ಷಿಯಲ್ ಈಕ್ವೇಶನ್ ಪತ್ರಿಕೆಯಲ್ಲಿ ನೋಡಬಹುದು.

ವೈ ಎಂಬ ಫಂಕ್ಷನ್ನಿನ ಎರಡನೆಯ ಡೆರಿವೇಟಿವ್‌ನಿಂದ ಮೊದಲನೆಯ ಡೆರಿವೇಟಿವ್‌ನ ಮೂರುಪಟ್ಟನ್ನು ಕಳೆದು, ವೈನ ಎರಡುಪಟ್ಟನ್ನು ಕೂಡಿದರೆ ಸೊನ್ನೆ ಬರಬೇಕು. ಅಂಥ ವೈ ಯಾವುದು ಎಂಬುದು ಪ್ರಶ್ನೆ. ತರಗತಿಯಲ್ಲಿ ಹೇಳಿಕೊಡುವ ಕ್ರಮ ಎಲ್ಲರಿಗೂ ಗೊತ್ತು: ಸಹಾಯಕ ಸಮೀಕರಣ ಬರೆ, ಅದರ ಮೂಲಗಳು 1 ಮತ್ತು 2, ಆದ್ದರಿಂದ ಉತ್ತರ ಒಂದು ಸ್ಥಿರಾಂಕ ಗುಣಿಸು 'ಇ'ಯ ಎಕ್ಸ್ ಘಾತ, ಕೂಡಿಸು ಇನ್ನೊಂದು ಸ್ಥಿರಾಂಕ ಗುಣಿಸು 'ಇ'ಯ ಎರಡು ಎಕ್ಸ್ ಘಾತ. ಐದು ಅಂಕ ಖಚಿತ. ಆದರೆ ಸ್ಥಿರಾಂಕಗಳು ಎರಡೇ ಏಕೆ? ಈ ರೂಪಕ್ಕೆ ಸೇರದ ಮೂರನೆಯ ಪರಿಹಾರವೊಂದು ಎಲ್ಲೋ ಅಡಗಿಲ್ಲ ಎಂದು ಹೇಗೆ ಗೊತ್ತು? ಮೂಲಗಳು ಸಮನಾದಾಗ ಇದ್ದಕ್ಕಿದ್ದಂತೆ ಒಂದನ್ನು ಎಕ್ಸ್‌ನಿಂದ ಗುಣಿಸಬೇಕು ಎಂಬ ನಿಯಮ ಎಲ್ಲಿಂದ ಬಂತು? ಉತ್ತರ ಲೀನಿಯರ್ ಆಲ್ಜೀಬ್ರಾದಲ್ಲಿದೆ. ಎರಡು ಪರಿಹಾರಗಳನ್ನು ಕೂಡಿದರೂ, ಒಂದನ್ನು ಸ್ಥಿರಾಂಕದಿಂದ ಗುಣಿಸಿದರೂ ಪರಿಹಾರವೇ ಸಿಗುವುದರಿಂದ ಎಲ್ಲ ಪರಿಹಾರಗಳೂ ಸೇರಿ ಒಂದು ವೆಕ್ಟರ್ ಸ್ಪೇಸ್ ಆಗುತ್ತವೆ. ಸೊನ್ನೆಯಲ್ಲಿ ವೈನ ಬೆಲೆ ಮತ್ತು ಅದರ ಡೆರಿವೇಟಿವ್‌ನ ಬೆಲೆ ಈ ಎರಡು ಸಂಖ್ಯೆಗಳು ಪರಿಹಾರವನ್ನು ಪೂರ್ತಿಯಾಗಿ ನಿಗದಿಪಡಿಸುವುದರಿಂದ ಆ ಸ್ಪೇಸಿನ ಆಯಾಮ, ಅಂದರೆ ಉಳಿದೆಲ್ಲವನ್ನೂ ಕಟ್ಟಲು ಬೇಕಾದ ಸ್ವತಂತ್ರ ಪರಿಹಾರಗಳ ಸಂಖ್ಯೆ, ಸರಿಯಾಗಿ ಎರಡು. ಒಂದರ ಗುಣಕವಾಗಿ ಇನ್ನೊಂದು ಇಲ್ಲದ ಎರಡು ಪರಿಹಾರಗಳು ಸಿಕ್ಕಿದರೆ ಎಲ್ಲವೂ ಸಿಕ್ಕಿದಂತೆ. ಸಮಾನ ಮೂಲಗಳ ನಿಯಮವೂ ಕಳೆದುಹೋದ ಎರಡನೆಯ ಪರಿಹಾರವನ್ನು ಹುಡುಕುವ ದಾರಿಯೇ ಹೊರತು ಮಂತ್ರವಲ್ಲ.

ಪಠ್ಯಕ್ರಮದ ಈ ಕ್ರಮ ಇತಿಹಾಸದ ಕ್ರಮವನ್ನೇ ಅನುಸರಿಸಿದೆ ಎಂಬುದು ಕುತೂಹಲದ ಸಂಗತಿ. ಈ ಬಗೆಯ ಸಮೀಕರಣಗಳನ್ನು ಬಿಡಿಸುವ ವಿಧಾನವನ್ನು ಆಯ್ಲರ್ 1743ರಲ್ಲಿ ಪ್ರಕಟಿಸಿದರು. ವೆಕ್ಟರ್ ಸ್ಪೇಸಿನ ಸ್ವಯಂಸಿದ್ಧಗಳನ್ನು ಪೆಯಾನೊ ಬರೆದದ್ದು 1888ರಲ್ಲಿ. ಆಯ್ಲರ್‌ಗೆ ಬೇರೆ ದಾರಿ ಇರಲಿಲ್ಲ, ನಮಗೆ ಇದೆ. ಲೀನಿಯರ್ ಆಲ್ಜೀಬ್ರಾಕ್ಕೆ ಬೇಕಾದ ಪೂರ್ವಜ್ಞಾನ ಬಹಳ ಕಡಿಮೆ: ಮಾತೃಕೆಗಳು, ಸಮೀಕರಣ ವ್ಯವಸ್ಥೆಗಳನ್ನು ಸಾಲು ಕ್ರಿಯೆಗಳಿಂದ ಬಿಡಿಸುವುದು, ಮತ್ತು ಮೇಲೆ ಹೇಳಿದ ಸಾಧನೆಯ ಅಭ್ಯಾಸ. ಆದ್ದರಿಂದ ಎರಡನೆಯ ವರ್ಷದಲ್ಲಿ, ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರ್‌ಗಳಿಗೆ ಹಂಚಿಕೊಂಡು, ವಾರಕ್ಕೆ ಮೂರು ನಾಲ್ಕು ಗಂಟೆಯಂತೆ ಇದನ್ನು ಸ್ವಂತವಾಗಿ ಓದಿಬಿಡುವುದು ಸಾಧ್ಯ. ಆಧಾರ, ಆಯಾಮ, ರ್‍ಯಾಂಕ್-ನಲಿಟಿ ಪ್ರಮೇಯ, ಐಗನ್ ಬೆಲೆಗಳು, ಡಯಾಗನಲೈಸೇಶನ್ ಇಷ್ಟರವರೆಗೆ ಹೋದರೆ ಮೊದಲ ಸುತ್ತಿಗೆ ಸಾಕು. ಐಐಟಿಗಳೂ ಐಐಎಸ್ಸಿಯೂ ಸೇರಿ ನಡೆಸುವ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯಲ್ಲಿ ಈ ವಿಷಯದ ಉಪನ್ಯಾಸಗಳು ಉಚಿತವಾಗಿ ಇವೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಊರುಗಳವರು ಬೇಸಗೆಯಲ್ಲೇ ಅವನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಮೇಲು. ಉಪನ್ಯಾಸ ನೋಡಿದ್ದು ಓದಿದಂತಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಒಂದು ಗಂಟೆಯ ಉಪನ್ಯಾಸಕ್ಕೆ ಎರಡು ಗಂಟೆಯ ಸಮಸ್ಯೆ ಬಿಡಿಸುವಿಕೆ ಸೇರದಿದ್ದರೆ ಅದು ಟಿವಿ ನೋಡಿದ ಲೆಕ್ಕ.

ಅಮೂರ್ತ ಬೀಜಗಣಿತದಲ್ಲಿ, ಅಂದರೆ ಗ್ರೂಪ್ ಮತ್ತು ರಿಂಗ್‌ಗಳಲ್ಲಿ, ಸಮಸ್ಯೆ ಬೇರೆ. ಅಲ್ಲಿ ವ್ಯಾಖ್ಯೆಗಳು ಸುಲಭ, ಉದಾಹರಣೆಗಳ ಕೊರತೆಯೇ ಕಷ್ಟ. ಇದಕ್ಕೆ ಮದ್ದು ಸಂಖ್ಯಾ ಸಿದ್ಧಾಂತದ ಶೇಷಗಣಿತ. ಸಂಖ್ಯೆಗಳನ್ನು 6ರಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನಷ್ಟೇ ಇಟ್ಟುಕೊಂಡು ಗುಣಾಕಾರದ ಕೋಷ್ಟಕ ಬರೆದರೆ, ಎರಡು ಮೂರಲಿ ಆರು ಎಂಬುದು ಸೊನ್ನೆಯಾಗುತ್ತದೆ. ಸೊನ್ನೆಯಲ್ಲದ ಎರಡು ಅಂಶಗಳ ಗುಣಲಬ್ಧ ಸೊನ್ನೆ. ಇದೇ ಕೋಷ್ಟಕವನ್ನು 7ಕ್ಕೆ ಬರೆದರೆ ಹಾಗೆ ಎಲ್ಲೂ ಆಗುವುದಿಲ್ಲ, ಮೇಲಾಗಿ ಸೊನ್ನೆಯನ್ನು ಬಿಟ್ಟು ಪ್ರತಿ ಅಂಶಕ್ಕೂ ವಿಲೋಮ, ಅಂದರೆ ಗುಣಿಸಿದರೆ ಒಂದು ಬರುವ ಜೊತೆಗಾರ, ಸಿಗುತ್ತದೆ, ಉದಾಹರಣೆಗೆ ಮೂರು ಐದಲಿ ಹದಿನೈದು, ಶೇಷ ಒಂದು. ಈ ಎರಡು ಕೋಷ್ಟಕಗಳನ್ನು ಕೈಯಾರೆ ಬರೆದವರಿಗೆ ಇಂಟಿಗ್ರಲ್ ಡೊಮೈನ್, ಫೀಲ್ಡ್ ಎಂಬ ಪದಗಳು ಐದನೆಯ ಸೆಮಿಸ್ಟರ್‌ನಲ್ಲಿ ಬಂದಾಗ ಹೊಸವೆನಿಸುವುದಿಲ್ಲ. ಶೇಷಗಣಿತ ಪಠ್ಯಕ್ರಮದಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಗ್ರೂಪ್ ಥಿಯರಿ ಆರಂಭವಾಗುವ ಮೊದಲು ಹದಿನೈದು ದಿನ ಅದಕ್ಕೆ ಮೀಸಲಿಡಬೇಕು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಂಪ್ಲೆಕ್ಸ್ ಅನಾಲಿಸಿಸ್ ಪತ್ರಿಕೆಯನ್ನು ರಿಯಲ್ ಅನಾಲಿಸಿಸ್ ಮತ್ತು ರೇಖಾ ಅನುಕಲನ ಎರಡೂ ಆದ ಮೇಲೆ ಓದಬೇಕು, ಪಠ್ಯಕ್ರಮಗಳು ಸಾಮಾನ್ಯವಾಗಿ ಹಾಗೆಯೇ ಇಟ್ಟಿರುತ್ತವೆ. ನ್ಯೂಮರಿಕಲ್ ಅನಾಲಿಸಿಸ್ ಯಾವಾಗ ಬಂದರೂ ನಡೆಯುತ್ತದೆ. ಪ್ರಾಕ್ಟಿಕಲ್ ತರಗತಿಯಲ್ಲಿ ಮ್ಯಾಕ್ಸಿಮಾ, ಸೈಲ್ಯಾಬ್ ಅಥವಾ ಪೈಥಾನ್‌ನಲ್ಲಿ ಮಾಡಿಸುವ ಪ್ರೋಗ್ರಾಂಗಳನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡಿ ಮುಗಿಸುವುದು ರೂಢಿಯಾಗಿದೆ. ಇವು ಉಚಿತ ತಂತ್ರಾಂಶಗಳು, ಮನೆಯ ಕಂಪ್ಯೂಟರ್‌ನಲ್ಲೂ ನಡೆಯುತ್ತವೆ, ಪೈಥಾನ್ ಒಂದನ್ನಾದರೂ ಸರಿಯಾಗಿ ಕಲಿತರೆ ಗಣಿತದ ಹೊರಗೂ ಅನ್ನ ಕೊಡುತ್ತದೆ. ಭಾಷಾ ಪತ್ರಿಕೆಗಳು ಮತ್ತು ಕಡ್ಡಾಯ ಪತ್ರಿಕೆಗಳನ್ನು ಕಡೆಗಣಿಸುವವರು ಒಟ್ಟು ಶೇಕಡಾವಾರಿನಲ್ಲಿ ಅದರ ಬೆಲೆ ತೆರುತ್ತಾರೆ. ಐಚ್ಛಿಕ ಪತ್ರಿಕೆಗಳ ವಿಷಯದಲ್ಲಿ, ಪಠ್ಯಕ್ರಮದ ಪುಸ್ತಕದಲ್ಲಿ ಮೂರು ಹೆಸರುಗಳಿದ್ದರೂ ಕಾಲೇಜಿನಲ್ಲಿ ಅಧ್ಯಾಪಕರ ಲಭ್ಯತೆಗೆ ತಕ್ಕಂತೆ ಒಂದನ್ನೇ ಬೋಧಿಸುವುದು ಸಾಮಾನ್ಯವಾದ್ದರಿಂದ, ಯಾವುದನ್ನು ನಿಜವಾಗಿ ನಡೆಸುತ್ತಾರೆ ಎಂಬುದನ್ನು ವಿಭಾಗದಲ್ಲಿ ವಿಚಾರಿಸಿಕೊಂಡೇ ಲೆಕ್ಕ ಹಾಕಬೇಕು.

ಈಗ ಕಾಲದ ಲೆಕ್ಕ. ಕೊಡಗಿನಲ್ಲಿ ಓದುವವರ ವರ್ಷಕ್ಕೆ ತನ್ನದೇ ಲಯವಿದೆ, ಬೇರೆ ಊರಿನವರು ಬರೆದ ವೇಳಾಪಟ್ಟಿಗಳು ಇಲ್ಲಿಗೆ ಒಗ್ಗುವುದಿಲ್ಲ. ಬೆಸ ಸೆಮಿಸ್ಟರ್‌ಗಳು ಆರಂಭವಾಗುವುದು ಮುಂಗಾರಿನ ನಡುವೆ. ಮಳೆ ರಜೆ, ರಸ್ತೆಗೆ ಬಿದ್ದ ಮರ, ಹೊರಡದ ಬಸ್ಸು, ಇವುಗಳಿಂದ ಹೋದ ತರಗತಿಗಳನ್ನು ತುಂಬಿಸಲು ಮುಂದೆ ಪಾಠ ಓಡತೊಡಗುತ್ತದೆ. ಆ ಹೊತ್ತಿಗೆ ಮಡಿಕೇರಿ ದಸರಾ, ತುಲಾ ಸಂಕ್ರಮಣ, ಪುತ್ತರಿ ಒಂದರ ಹಿಂದೊಂದು ಬರುತ್ತವೆ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದಲೇ ಶುರುವಾಗಿ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ತೋಟವಿರುವ ಮನೆಯ ಮಕ್ಕಳಿಗೂ, ತೋಟದ ಕೆಲಸವನ್ನೇ ನಂಬಿದ ಮನೆಯ ಮಕ್ಕಳಿಗೂ ಆ ತಿಂಗಳುಗಳಲ್ಲಿ ದಿನದ ಗಂಟೆಗಳು ಪೂರ್ತಿ ತಮ್ಮವಲ್ಲ. ಕಾಳುಮೆಣಸಿನ ಕೊಯ್ಲೂ ಅದಕ್ಕೇ ಸೇರಿಕೊಳ್ಳುತ್ತದೆ. ಹಾಗಾಗಿ ನವೆಂಬರ್‌ನಲ್ಲಿ ಓದಿ ಮುಗಿಸುತ್ತೇನೆ ಎಂಬ ಯೋಜನೆ ಇಲ್ಲಿ ಯೋಜನೆಯೇ ಅಲ್ಲ. ರಿಯಲ್ ಅನಾಲಿಸಿಸ್ ಬೆಸ ಸೆಮಿಸ್ಟರ್‌ನಲ್ಲಿ ಬಂದಿದ್ದರೆ ಅದರ ಮೊದಲ ಎರಡು ಘಟಕಗಳನ್ನು, ಅಂದರೆ ವಾಸ್ತವ ಸಂಖ್ಯೆಗಳ ಪರಿಪೂರ್ಣತೆ ಮತ್ತು ಶ್ರೇಣಿಗಳನ್ನು (ಸೀಕ್ವೆನ್ಸ್), ಏಪ್ರಿಲ್-ಮೇ ತಿಂಗಳುಗಳಲ್ಲಿ ಬಿಡುವು ಮಾಡಿಕೊಂಡು ಮುಂಚಿತವಾಗಿ ಓದಿಟ್ಟುಕೊಂಡು, ಮಳೆಗಾಲದ ಮನೆಯೊಳಗಿನ ದಿನಗಳನ್ನು ಸಮಸ್ಯೆಗಳಿಗೆ ಬಳಸುವುದು ಜಾಣತನ. ಹೊರಗೆ ಹೋಗಲಾಗದ ಜುಲೈ ತಿಂಗಳು ಗಣಿತಕ್ಕೆ ಹೇಳಿ ಮಾಡಿಸಿದ್ದು, ಕರೆಂಟು ಇಲ್ಲದಿದ್ದರೂ ಪೆನ್ನು ಕಾಗದ ಸಾಕು.

ಬೇಸಗೆ ರಜೆಗೆ ಇನ್ನೊಂದು ಬಳಕೆಯೂ ಇದೆ. 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರ ದೇಶದ ಬೇರೆ ಬೇರೆ ಕೇಂದ್ರಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ನಾಲ್ಕು ವಾರಗಳ ಪಾಠ ನಡೆಸುತ್ತದೆ. ಅಲ್ಲಿ ಉಪನ್ಯಾಸಕರು ಹೇಳಿದ್ದನ್ನು ಬರೆದುಕೊಳ್ಳುವುದಕ್ಕಿಂತ, ಪ್ರಶ್ನೆಗಳ ಮೂಲಕ ವಿದ್ಯಾರ್ಥಿಯೇ ಪ್ರಮೇಯದವರೆಗೆ ನಡೆಯುವ ಪದ್ಧತಿ. ಸಣ್ಣ ಊರಿನ ಕಾಲೇಜಿನಲ್ಲಿ ತರಗತಿಗೆ ಒಬ್ಬರೋ ಇಬ್ಬರೋ ಮಾತ್ರ ಗಣಿತವನ್ನು ಗಂಭೀರವಾಗಿ ತೆಗೆದುಕೊಂಡಿರುವಾಗ, ತನ್ನಂಥವರ ನಡುವೆ ಒಂದು ತಿಂಗಳು ಇರುವುದು ಒಂದು ಪತ್ರಿಕೆಯಷ್ಟೇ ಕಲಿಸುತ್ತದೆ. ಎರಡನೆಯ ವರ್ಷದಲ್ಲಿ ಅರ್ಜಿ ಹಾಕುವಂತೆ ಯೋಜಿಸಿಕೊಳ್ಳಬೇಕು. ಅರ್ಜಿಯ ಕೊನೆಯ ದಿನ ಬೇಸಗೆಗಿಂತ ಬಹಳ ಮೊದಲೇ ಮುಗಿದಿರುತ್ತದೆ, ಅಧ್ಯಾಪಕರ ಶಿಫಾರಸು ಪತ್ರವನ್ನೂ ಮುಂಚೆಯೇ ಕೇಳಿಟ್ಟುಕೊಳ್ಳಬೇಕು.

ಐಐಟಿಗಳಲ್ಲಿ ಎಂಎಸ್ಸಿ ಮಾಡಲು ಬರೆಯುವ ಜಾಮ್ ಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ಯೋಜನೆ ಬೇಡುವುದು. ಗಣಿತದ ಪತ್ರಿಕೆಯಲ್ಲಿ 3 ಗಂಟೆಯಲ್ಲಿ 60 ಪ್ರಶ್ನೆಗಳು, ಒಟ್ಟು 100 ಅಂಕಗಳು. ವಿಷಯ ಮೂರು ಗುಂಪು: ರಿಯಲ್ ಅನಾಲಿಸಿಸ್, ಹಲವು ಚರಗಳ ಕ್ಯಾಲ್ಕುಲಸ್ ಮತ್ತು ಡಿಫರೆನ್ಷಿಯಲ್ ಈಕ್ವೇಶನ್, ಲೀನಿಯರ್ ಆಲ್ಜೀಬ್ರಾ ಮತ್ತು ಗ್ರೂಪ್‌ಗಳು. ಕಾಂಪ್ಲೆಕ್ಸ್ ಅನಾಲಿಸಿಸ್ ಇಲ್ಲ, ನ್ಯೂಮರಿಕಲ್ ಅನಾಲಿಸಿಸ್ ಇಲ್ಲ, ಲಾಪ್ಲಾಸ್ ಟ್ರಾನ್ಸ್‌ಫಾರ್ಮ್‌ಗಳ ಉದ್ದ ಲೆಕ್ಕಗಳಿಲ್ಲ. ಪರೀಕ್ಷೆ ನಡೆಯುವುದು ಫೆಬ್ರುವರಿಯಲ್ಲಿ, ಅಂದರೆ ಆರನೆಯ ಸೆಮಿಸ್ಟರ್ ಸರಿಯಾಗಿ ಆರಂಭವಾಗುವ ಮೊದಲೇ ಅಥವಾ ಆಗಷ್ಟೇ ಆರಂಭವಾಗಿರುವಾಗ. ಲೀನಿಯರ್ ಆಲ್ಜೀಬ್ರಾ ಆರನೆಯ ಸೆಮಿಸ್ಟರ್‌ನಲ್ಲಿರುವ ಕಾಲೇಜಿನ ವಿದ್ಯಾರ್ಥಿ ಪಠ್ಯಕ್ರಮವನ್ನೇ ನಂಬಿ ಕುಳಿತರೆ, ತರಗತಿಯಲ್ಲಿ ವೆಕ್ಟರ್ ಸ್ಪೇಸಿನ ವ್ಯಾಖ್ಯೆ ಬರೆಸುವ ಮೊದಲೇ ಐಗನ್ ಬೆಲೆಗಳ ಪ್ರಶ್ನೆಗೆ ಉತ್ತರ ಗುರುತು ಮಾಡಬೇಕಾಗುತ್ತದೆ. ನಮ್ಮ ಕಾಲೇಜುಗಳ ಚುರುಕಾದ ವಿದ್ಯಾರ್ಥಿಗಳೂ ಈ ಪರೀಕ್ಷೆಯಲ್ಲಿ ಹಿಂದೆ ಬೀಳುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ, ದಿನಾಂಕಗಳ ಈ ಹೊಂದಾಣಿಕೆಯಿಲ್ಲದಿರುವಿಕೆಯೇ ದೊಡ್ಡ ಕಾರಣ ಎಂದು ನಾನು ಭಾವಿಸಿದ್ದೇನೆ. ಫೆಬ್ರುವರಿ ರೊಬಸ್ಟಾ ಕೊಯ್ಲಿನ ತಿಂಗಳೂ ಹೌದು ಎಂಬುದನ್ನು ಮನೆಯವರೊಂದಿಗೆ ಆ ವರ್ಷದ ಆರಂಭದಲ್ಲೇ ಮಾತಾಡಿಕೊಳ್ಳಬೇಕು.

ಜಾಮ್ ಬರೆಯದವರಿಗೂ ಇದೇ ಕ್ರಮ ಸಲ್ಲುತ್ತದೆ, ತೂಕ ಮಾತ್ರ ಬದಲಾಗುತ್ತದೆ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿ ಪಿಯು ಉಪನ್ಯಾಸಕರಾಗಬೇಕೆನ್ನುವವರಿಗೆ ಸ್ನಾತಕೋತ್ತರ ಪದವಿಯ ಜೊತೆ ಬಿಎಡ್ ಕೂಡ ಬೇಕು, ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಮತ್ತು ಆ ಪರೀಕ್ಷೆಗಳ ಗಣಿತ ಭಾಗದ ಬುನಾದಿಯೂ ಅನಾಲಿಸಿಸ್ ಮತ್ತು ಲೀನಿಯರ್ ಆಲ್ಜೀಬ್ರಾವೇ. ಎಂಸಿಎ ಕಡೆಗೆ ಹೋಗುವವರು ಸಂಭವನೀಯತೆ, ಗಣಸಿದ್ಧಾಂತ, ಮಾತೃಕೆ ಮತ್ತು ವೇಗದ ಲೆಕ್ಕಕ್ಕೆ ಹೆಚ್ಚು ಸಮಯ ಕೊಡಬೇಕು. ಗ್ರೂಪ್ ಥಿಯರಿಯನ್ನು ಸೆಮಿಸ್ಟರ್ ಪರೀಕ್ಷೆಯ ಮಟ್ಟಿಗೆ ಓದಿದರೆ ನಡೆಯುತ್ತದೆ. ದತ್ತಾಂಶ ವಿಶ್ಲೇಷಣೆಯ ಕಡೆಗೆ ನೋಡುವವರಿಗೆ, ಕಾಂಬಿನೇಷನ್‌ನಲ್ಲಿ ಸಂಖ್ಯಾಶಾಸ್ತ್ರ ಇಲ್ಲದಿದ್ದರೆ, ಲೀನಿಯರ್ ಆಲ್ಜೀಬ್ರಾದ ಮೊದಲ ಸುತ್ತು ಮುಗಿದ ಕೂಡಲೇ ಸಂಭವನೀಯತೆಯ ಒಂದು ಪೂರ್ಣ ಕೋರ್ಸನ್ನು ಸ್ವಂತವಾಗಿ ಸೇರಿಸಿಕೊಳ್ಳುವುದು ಅನಿವಾರ್ಯ. ಪ್ರೌಢಶಾಲಾ ಶಿಕ್ಷಕರಾಗುವವರಿಗೆ ಬೇಕಾದುದು ಇನ್ನೊಂದು: ಭಿನ್ನರಾಶಿಯ ಭಾಗಾಕಾರದಲ್ಲಿ ತಲೆಕೆಳಗು ಮಾಡಿ ಗುಣಿಸುವುದೇಕೆ, ಋಣ ಸಂಖ್ಯೆಗಳ ಗುಣಲಬ್ಧ ಧನವಾಗುವುದೇಕೆ ಎಂಬ ಎಂಟನೆಯ ತರಗತಿಯ ಪ್ರಶ್ನೆಗಳಿಗೆ ಉತ್ತರ ರಿಂಗ್ ಮತ್ತು ಫೀಲ್ಡ್‌ಗಳ ಅಧ್ಯಾಯದಲ್ಲೇ ಇದೆ, ಆ ದೃಷ್ಟಿಯಿಂದ ಅದನ್ನು ಓದಿದರೆ ಅಮೂರ್ತ ಬೀಜಗಣಿತ ಬಿಎಡ್ ಮಾಡುವವರಿಗೇ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ಪತ್ರಿಕೆ ಉಳಿದುಹೋದರೆ ಏನು ಮಾಡಬೇಕೆಂಬುದನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು. ಉಳಿದ ಪತ್ರಿಕೆಯ ಮರುಪರೀಕ್ಷೆ ಯಾವ ಸೆಮಿಸ್ಟರ್‌ನೊಂದಿಗೆ ನಡೆಯುತ್ತದೆ ಎಂಬುದನ್ನು ಕಾಲೇಜು ಕಚೇರಿಯಲ್ಲಿ ಕೇಳಿ ತಿಳಿದುಕೊಂಡು, ಅದರ ಓದನ್ನು ಆ ಸೆಮಿಸ್ಟರ್‌ಗೆ ಬಿಡದೆ ಮುಂದಿನ ರಜೆಯಲ್ಲೇ ಮುಗಿಸಬೇಕು. ಉಳಿದದ್ದು ಭಾಷೆಯೋ ರಸಾಯನಶಾಸ್ತ್ರವೋ ಆಗಿದ್ದರೆ ಅಂಕದ ಪ್ರಶ್ನೆ ಅಷ್ಟೆ. ರಿಯಲ್ ಅನಾಲಿಸಿಸ್‌ನ ಮೊದಲ ಪತ್ರಿಕೆ ಉಳಿದಿದ್ದರೆ ಮಾತ್ರ, ಮರುಪರೀಕ್ಷೆಯ ದಿನಾಂಕ ಎಷ್ಟೇ ದೂರವಿದ್ದರೂ, ಎರಡನೆಯ ಪತ್ರಿಕೆಯ ತರಗತಿ ಆರಂಭವಾಗುವ ಮೊದಲು ಶ್ರೇಣಿಗಳ ಅಧ್ಯಾಯಕ್ಕೆ ವಾಪಸು ಹೋಗಿ, ಕೋಶಿ ಶ್ರೇಣಿಯ ವ್ಯಾಖ್ಯೆಯನ್ನು ಪುಸ್ತಕ ನೋಡದೆ ಬರೆದು, ಅಂಥ ಪ್ರತಿಯೊಂದು ಶ್ರೇಣಿಯೂ ಒಂದು ಮಿತಿಗೆ ಸೇರುತ್ತದೆ ಎಂಬುದರ ಸಾಧನೆಯನ್ನು ಒಂದು ಹಾಳೆಯಲ್ಲಿ ಪೂರ್ತಿಗೊಳಿಸುವವರೆಗೆ ಬೇರೆ ಪುಸ್ತಕ ತೆರೆಯದಿರುವುದು ಒಳ್ಳೆಯದು.